ಗೂಗಲ್ಲಿಂದ ಬಂದ ಕಾಗದ

ಮೊನ್ನೆ ಪಕ್ಕದ ಮನೆಗೆ ಗೂಗಲ್ಲಿಂದ ಒಂದು ಕಾಗದ ಬಂತು. ಮೊಬೈಲಿಗೆ ಬರೋ ಮೆಸೇಜಲ್ಲ ಕಣ್ರೀ, ಪೋಸ್ಟಮ್ಯಾನ್ ಕೈಯಾರೆ ತಂದುಕೊಟ್ಟ ಕಾಗದ. ಸುತ್ತ ಅಂಟಿಸಿ ಮಡಿಚಿದ್ದು, ಮೇಲೆ ಇಂಗ್ಲಿಷಿನಲ್ಲಿ ವಿಳಾಸ, ಆ ವಿಳಾಸದಲ್ಲಿ ನಮ್ಮೂರು ತೊಂಡೇಬಾವಿ. ಅಷ್ಟು ದೊಡ್ಡ ಕಂಪನಿಗೂ ಇಲ್ಲೊಂದು ಮನೆ ಇದೆಯೋ ಇಲ್ವೋ ಅಂತ ಖಾತ್ರಿ ಮಾಡ್ಕೊಳ್ಳೋಕೆ ಕೊನೆಗೆ ಅಂಚೆಯವರೇ ಬೇಕಾಯ್ತು ನೋಡಿ. ನನಗಂತೂ ಅದೇ ಒಂದು ಸಂತೋಷ.

ಪಕ್ಕದ ಮನೆಯವರು ಅಂದ್ರೆ ವಾಲಗದವರು. ಅಣ್ಣ ನಾದಸ್ವರ, ಅವರ ತಮ್ಮ ಡೋಲು. ಮಗ ಮೊನ್ನೆ ಮೊನ್ನೆವರೆಗೂ ಶ್ರುತಿಪೆಟ್ಟಿಗೆ ಹಿಡ್ಕೊಂಡು ಹಿಂದೆ ಕೂರ್ತಿದ್ದವನು, ಈಗ ನಾದಸ್ವರ ಎತ್ತಿಕೊಂಡಿದ್ದಾನೆ. ಎರಡು ವರ್ಷದಿಂದ ಅಪ್ಪ ನುಡಿಸೋದನ್ನ ಮೊಬೈಲಲ್ಲಿ ಹಿಡಿದು ಯೂಟ್ಯೂಬಿಗೆ ಹಾಕ್ತಾ ಇದ್ದ. ಕಾಗದ ನೋಡಿದ್ದೇ ಆ ಮನೆ ಅಜ್ಜಿ 'ಕೋರ್ಟಿಂದ ಬಂತೇನಪ್ಪಾ' ಅಂತ ಎದೆ ಹಿಡ್ಕೊಂಡ್ರು. ಬೇಲಿ ಹತ್ರ ಕನಕಾಂಬರ ಬಿಡಿಸ್ತಾ ಇದ್ದ ನಾನು ಅಲ್ಲೇ ನಿಂತೆ. ಒಡೆದು ನೋಡಿದ್ರೆ ಒಳಗೆ ಆರು ಅಂಕಿ!

ಜಾಹೀರಾತಿನ ದುಡ್ಡು 10 ಡಾಲರ್ ಮುಟ್ಟಿದಾಗ, ವಿಳಾಸ ಸರಿ ಇದೆಯಾ ಅಂತ ನೋಡೋಕೆ ಈ ಅಂಕಿ ಕಳಿಸ್ತಾರಂತೆ. ಅದನ್ನ ಮೊಬೈಲಲ್ಲಿ ಒತ್ತಿದ್ರೆ ವಿಳಾಸ ಪಕ್ಕಾ. ದುಡ್ಡು ಬ್ಯಾಂಕಿಗೆ ಬರೋದು ಮಾತ್ರ 100 ಡಾಲರ್ ಆದ ಮೇಲೆ. 'ಹತ್ತಕ್ಕೆ ಕಾಗದ, ನೂರಕ್ಕೆ ದುಡ್ಡು' ಅಂತ ಅಜ್ಜಿ ಒಂದೇ ಮಾತಲ್ಲಿ ಅರ್ಥ ಮಾಡ್ಕೊಂಡ್ರು. ಹತ್ತು ಡಾಲರ್ ಅಂದ್ರೆ ನಮ್ಮ ಲೆಕ್ಕದಲ್ಲಿ ಸಾವಿರ ರೂಪಾಯಿಗಿಂತ ಕಡಿಮೆ. ನಾದಸ್ವರದ ಪೀಪಿಯನ್ನ ತುಟಿಯಲ್ಲಿ ನೆನೆಸ್ತಾ ಕೂತಿದ್ದ ಅಣ್ಣ ಅದನ್ನ ತೆಗೆದು, 'ದೊಡ್ಡಬಳ್ಳಾಪುರದ ಒಂದು ಧಾರೆಗೆ ಹೋದ್ರೆ ನನ್ನ ಪಾಲಿಗೆ ಇದಕ್ಕಿಂತ ಜಾಸ್ತಿ ಬರುತ್ತಲ್ಲೋ' ಅಂದ್ರು. ಹುಡುಗನ ಮುಖ ಸಣ್ಣಗಾಯ್ತು. 'ಎರಡು ವರ್ಷದ್ದಲ್ಲಪ್ಪಾ, ದುಡ್ಡು ಶುರುವಾಗಿದ್ದೇ ಮೂರು ತಿಂಗಳಿಂದ' ಅಂದ.

ಇಬ್ಬರದೂ ಸರಿಯೇ ಅಲ್ವಾ? ಅವತ್ತಿಂದ ನನ್ನ ತಲೇಲಿ ಇದೇ ಓಡ್ತಾ ಇದೆ. ವಾಲಗ ಊದೋರು, ತಮಟೆ ಬಾರಿಸೋರು, ರಸಮಂಜರಿಯಲ್ಲಿ ಹಾಡೋರು, ನಾಟಕದ ಹಾರ್ಮೋನಿಯಂ ಮೇಷ್ಟ್ರು, ಇವರ ಕೈಗೆ ಇನ್ನೂ ನಾಲ್ಕು ಕಾಸು ಹೇಗೆ ಸೇರುತ್ತೆ ಅಂತ.

ಆ ಹುಡುಗ ಲೆಕ್ಕ ಚೆನ್ನಾಗಿ ಹೇಳ್ತಾನೆ. ಜಾಹೀರಾತಿನಲ್ಲಿ ಪಾಲು ಸಿಗಬೇಕು ಅಂದ್ರೆ ಚಾನೆಲ್ಲಿಗೆ 1,000 ಜನ ಚಂದಾದಾರರು ಇರಬೇಕು, ಹಿಂದಿನ 12 ತಿಂಗಳಲ್ಲಿ ಎಲ್ಲರೂ ಸೇರಿ 4,000 ಗಂಟೆ ನೋಡಿರಬೇಕು. ಇಲ್ಲಾಂದ್ರೆ ಶಾರ್ಟ್ಸ್ ಅನ್ನೋ ತುಂಡು ವಿಡಿಯೋಗಳು 90 ದಿನದಲ್ಲಿ 1 ಕೋಟಿ ಸಲ ಓಡಿರಬೇಕು. ಗೆರೆ ದಾಟಿದ ಮೇಲೆ ಉದ್ದದ ವಿಡಿಯೋದ ಜಾಹೀರಾತಿನಲ್ಲಿ ನೂರಕ್ಕೆ 55 ನಮಗೆ, ತುಂಡಿನಲ್ಲಿ 45. ನಾಲ್ಕು ಸಾವಿರ ಗಂಟೆ ಅಂದ್ರೆ 2,40,000 ನಿಮಿಷ. ಒಬ್ಬೊಬ್ಬರು ಮೂರು ನಿಮಿಷ ನೋಡ್ತಾರೆ ಅಂದ್ಕೊಂಡ್ರೆ 80,000 ಜನ ಬೇಕು. ತೊಂಡೇಬಾವಿ ಹೋಬಳಿಯವರೆಲ್ಲ ಕೂತು ನೋಡಿದ್ರೂ ಸಾಲಲ್ಲ ಅನ್ನಿ.

ಆದ್ರೆ ಅದೇ ಲೆಕ್ಕವನ್ನ ತಿರುಗಿಸಿ ನೋಡಿ. ನಮ್ಮ ಕಡೆ ಜಾತ್ರೆ ಮುಗಿದ ಮೇಲೆ ಪೌರಾಣಿಕ ನಾಟಕ ಇದ್ದೇ ಇರುತ್ತಲ್ಲ, ಕುರುಕ್ಷೇತ್ರ? ರಾತ್ರಿ ಶುರುವಾದ್ರೆ ಬೆಳಗ್ಗೆ ಹಾಲು ಕರೆಯೋ ಹೊತ್ತಿಗೆ ಮುಗಿಯುತ್ತೆ, ಹತ್ತಿರ ಹತ್ತಿರ ಎಂಟು ಗಂಟೆ. ಅದನ್ನ ಇಡಿಯಾಗಿ ಹಾಕಿದ್ರೆ, ಒಬ್ಬೊಬ್ಬರು ಇಪ್ಪತ್ತೇ ನಿಮಿಷ ನೋಡಿದ್ರೂ 12,000 ಜನ ಸಾಕು, ನಾಲ್ಕು ಸಾವಿರ ಗಂಟೆ ತುಂಬುತ್ತೆ. ದುರ್ಯೋಧನನ ಪಾತ್ರ ಮಾಡಿದವನ ನೆಂಟರೇ ಅರ್ಧ ಗಂಟೆ ನೋಡ್ತಾರೆ. ಬೆಂಗಳೂರು ಸೇರಿರೋ ಮಗ ಊರ ನಾಟಕ ಅಂತ ನೋಡ್ತಾನೆ. ನಾಟಕ ಕಲೀತಾ ಇರೋ ಇನ್ನೊಂದು ಊರಿನವರು ಹಿಂದೆ ಮುಂದೆ ಎಳೆದು ನೋಡ್ತಾರೆ. ನಮ್ಮಲ್ಲಿ ಉದ್ದದ ಸರಕು ಬೇಕಾದಷ್ಟಿದೆ, ನಾವು ಮಾತ್ರ ಮೂವತ್ತು ಸೆಕೆಂಡಿನ ತುಂಡಿನ ಹಿಂದೆ ಬಿದ್ದಿದ್ದೀವಿ.

ಕುರುಕ್ಷೇತ್ರ ಅಂದ ತಕ್ಷಣ ಒಂದು ನೆನಪು. ನಾನು ಚಿಕ್ಕವಳಿದ್ದಾಗ ನಮ್ಮ ಸೋದರಮಾವ ಕೃಷ್ಣನ ಪಾತ್ರ ಹಾಕಿದ್ರು. ನಮ್ಮ ಕಡೆ ಪದ್ಧತಿ ನಿಮಗೆ ಗೊತ್ತಲ್ಲ, ಪಾತ್ರ ಮಾಡೋರೇ ದುಡ್ಡು ಕೊಡಬೇಕು. ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಸೀನರಿಯವರಿಗೆ, ಸ್ತ್ರೀಪಾತ್ರಕ್ಕೆ ಹೊರಗಿಂದ ಕರೆಸಿದ ಕಲಾವಿದೆಯರಿಗೆ, ಹಾರ್ಮೋನಿಯಂ ಮೇಷ್ಟ್ರಿಗೆ ಎಲ್ಲ ಅದರಲ್ಲೇ. ಮಾವ ಒಂದು ಎಮ್ಮೆ ಮಾರಿ ಕೃಷ್ಣ ಆದ್ರು. ಅತ್ತೆ ಮೂರು ತಿಂಗಳು ಮಾತು ಬಿಟ್ಟಿದ್ರು. ಆದ್ರೆ ಆ ರಾತ್ರಿ ಮಾವ ಒಂದು ಕಂದಪದ್ಯ ಎತ್ತಿ ಮೇಲಕ್ಕೆ ಒಯ್ದಾಗ ಮೈಕಲ್ಲಿ ಒಂದು ದನಿ ಬಂತು: ಇಂಥಾ ಊರಿನ ಇಂಥವರ ಮಗ ಇಂಥವರು, ಶ್ರೀಕೃಷ್ಣ ಪಾತ್ರಧಾರಿಗಳಿಗೆ ಐವತ್ತೊಂದು ರೂಪಾಯಿ ಬಹುಮಾನ! ಕೊಟ್ಟೋರು ಯಾರು ಅಂತೀರಾ? ಅತ್ತೆಯ ಅಣ್ಣ. ಅಲ್ಲಿಗೆ ಅತ್ತೆಯ ಸಿಟ್ಟೂ ಇಳೀತು.

ಈಗ ಯೂಟ್ಯೂಬ್ ಲೈವಿನಲ್ಲಿ ಸೂಪರ್ ಚಾಟ್ ಅಂತಾರಲ್ಲ, ನೋಡ್ತಾ ಇರೋರು ದುಡ್ಡು ಕೊಟ್ರೆ ಅವರ ಹೆಸರೂ ಮಾತೂ ಬಣ್ಣದ ಪಟ್ಟಿಯಲ್ಲಿ ಮೇಲೆ ನಿಲ್ಲುತ್ತಲ್ಲ, ಅದು ಇದೇ ಅಲ್ವಾ? 2017ರಲ್ಲಿ ಬಂತದು. ನಮ್ಮೂರಿನ ಮೈಕಿನವನು ಎಷ್ಟೋ ವರ್ಷ ಮುಂಚೆನೇ ಮಾಡ್ತಿದ್ದ. ಕೊಡೋನಿಗೆ ತನ್ನ ಹೆಸರು ನಾಲ್ಕು ಜನರ ಮುಂದೆ ಕೇಳಬೇಕು. ಇದನ್ನ ಬಲ್ಲ ನಾಟಕದ ತಂಡ ಬೆಂಗಳೂರಿಗೋ ಪುಣೆಗೋ ಹೋಗಿ ಸೇರಿರೋ ಊರವರನ್ನೆಲ್ಲ ಸೇರಿಸಿ ಒಂದು ರಾತ್ರಿ ಲೈವ್ ಮಾಡಿದ್ರೆ, ವೇದಿಕೆಗೆ ಬರೋ ಬಹುಮಾನದ ಜೊತೆಗೆ ಮೊಬೈಲಿಗೂ ಬಹುಮಾನ ಬರುತ್ತೆ. ಒಂದೇ ತೊಡಕು, ರಾತ್ರಿ 10 ಗಂಟೆ ಮೇಲೆ ಧ್ವನಿವರ್ಧಕ ಹಾಕೋ ಹಾಗಿಲ್ಲ. 2000ದ ಶಬ್ದಮಾಲಿನ್ಯ ನಿಯಮ ಅದು. ಅದಕ್ಕೇ ಕೆಲವು ಕಡೆ ನಾಟಕವನ್ನ ಹಗಲಿಗೆ ತಂದುಬಿಟ್ಟಿದ್ದಾರೆ. ಹಗಲಿನ ಕುರುಕ್ಷೇತ್ರ ನನಗೇನೋ ಒಗ್ಗಲ್ಲ, ಬಿಸಿಲಲ್ಲಿ ಭೀಮನ ಬಣ್ಣ ಇಳಿಯೋದು ನೋಡೋಕೆ ಸಂಕಟ. ಆದ್ರೆ ವಿಡಿಯೋಗೆ ಬೆಳಕು ಚೆನ್ನಾಗಿ ಬರುತ್ತೆ ಅಂತಾನೆ ಹುಡುಗ.

ಹಾರ್ಮೋನಿಯಂ ಮೇಷ್ಟ್ರ ವಿಷಯ ಬಂತಲ್ಲ, ಅವರ ಹತ್ರ ಇರೋದೇ ಬೇರೆ ಗಂಟು. ಎರಡು ಮೂರು ತಿಂಗಳು ಊರಲ್ಲೇ ಇದ್ದು, ಹೊಲದ ಕೆಲಸ ಮುಗಿಸಿ ಬಂದ ಗಂಡಸರಿಗೆ ರಾತ್ರಿ ತಾಲೀಮು ಕೊಟ್ಟು, ಶ್ರುತಿ ಅಂದ್ರೇನು ಅಂತ ಗೊತ್ತಿಲ್ಲದವನ ಬಾಯಲ್ಲೂ ಪದ್ಯ ಹೇಳಿಸ್ತಾರೆ. ಈಗ ಪಾತ್ರಧಾರಿಗಳು ಏನು ಮಾಡ್ತಾರೆ ಗೊತ್ತಾ? ಮೇಷ್ಟ್ರು ಹಾಡಿದ್ದನ್ನ ಮೊಬೈಲಲ್ಲಿ ತುಂಬ್ಕೊಂಡು ಟ್ರಾಕ್ಟರ್ ಓಡಿಸ್ತಾ ಕೇಳ್ತಾರೆ. ಅಲ್ಲಿಗೆ ಮೇಷ್ಟ್ರ ಪಾಠ ಊರೆಲ್ಲ ಬಿಟ್ಟಿ ಹರಿದಾಡುತ್ತೆ. ಅದನ್ನ ಅವರೇ ಪಾತ್ರವಾರು ಬಿಡಿಸಿ, ಕರ್ಣನ ಪದ್ಯಗಳು ಇಷ್ಟು, ಇದಕ್ಕೆ ಈ ರಾಗ, ಇಲ್ಲಿ ಉಸಿರು ತಗೋಬೇಕು ಅಂತ ತಮ್ಮದೇ ಚಾನೆಲ್ಲಿಗೆ ಹಾಕಿದ್ರೆ? ತುಮಕೂರು, ಮಂಡ್ಯ, ದೊಡ್ಡಬಳ್ಳಾಪುರ, ಕೋಲಾರ, ಎಲ್ಲಾ ಕಡೆ ಅದೇ ಕುರುಕ್ಷೇತ್ರ ಕಲಿಯೋರು ಇದ್ದಾರೆ. ನೋಡಿದವರು ಫೋನ್ ಮಾಡಿ, ಮೇಷ್ಟ್ರೇ ನಮ್ಮೂರಿಗೆ ಬನ್ನಿ ಅಂತಾರೆ. ಇಲ್ಲಾಂದ್ರೆ ವಿಡಿಯೋ ಕಾಲಲ್ಲೇ ವಾರಕ್ಕೆರಡು ಪಾಠಕ್ಕೆ ಇಷ್ಟು ಅಂತ ಹೇಳಬಹುದು. ಮೊದಲೆರಡು ಪದ್ಯ ಬಿಟ್ಟಿ ಇರಲಿ, ಪೂರ್ತಿ ಪಾತ್ರಕ್ಕೆ ದುಡ್ಡು. ಇದರಲ್ಲಿ ನಾಚಿಕೆ ಏನಿದೆ?

ವಾಲಗದ ಅಣ್ಣನಿಗೆ ನಾನು ಹೇಳೋದೂ ಇದನ್ನೇ. ಸಾವಿರ ಮುಟ್ಟದ ದುಡ್ಡು ನೋಡಿ ಮೂಗು ಮುರೀಬೇಡಿ. ವಿಡಿಯೋದ ದುಡ್ಡನ್ನ ಡಾಲರಲ್ಲಿ ಎಣಿಸೋಕೆ ಹೋದ್ರೆ ಬೇಜಾರಾಗುತ್ತೆ. ಆ ವಿಡಿಯೋ ನೋಡಿ ಎಷ್ಟು ಧಾರೆ, ಎಷ್ಟು ಗೃಹಪ್ರವೇಶ ಬಂತು ಅಂತ ಎಣಿಸಬೇಕು. ಮೊನ್ನೆ ಯಲಹಂಕದಿಂದ ಫೋನ್ ಬಂದಿದ್ದು ವಿಡಿಯೋ ನೋಡಿಯೇ ತಾನೇ? ಅದಕ್ಕೂ ಒಂದು ಕತೆ ಇದೆ. ಹುಡುಗ ಮೊದಲ ಒಂದು ವರ್ಷ ವಿಡಿಯೋ ಕೆಳಗೆ ಫೋನ್ ನಂಬರೇ ಹಾಕಿರಲಿಲ್ಲ! ಬಹಳ ಚೆನ್ನಾಗಿದೆ, ಮದುವೆಗೆ ಕರೆಯೋಕೆ ನಿಮ್ಮನ್ನ ಎಲ್ಲಿ ಕಾಣಬೇಕು ಅಂತ ಯಾರೋ ಪುಣ್ಯಾತ್ಮರು ಕೆಳಗೆ ಬರೆದಿದ್ರು. ಅದನ್ನ ಆರು ತಿಂಗಳು ಯಾರೂ ನೋಡಿರಲಿಲ್ಲ. ಆ ಮದುವೆ ಆಗಿ ಈಗ ಮಗುವೂ ಆಗಿರಬೇಕು.

ರೆಕಾರ್ಡ್ ಮಾಡೋದು ನೋಡೋದೇ ಒಂದು ಸೊಗಸು. ಮೊದಲು ಮನೆಯ ಜಗುಲಿಯಲ್ಲೇ ಮಾಡ್ತಿದ್ರು, ಮೇಲೆ ಶೀಟಿನ ಚಾವಣಿ. ನಾದಸ್ವರದ ಸದ್ದು ಗೊತ್ತಲ್ಲ, ನಾಲ್ಕು ಬೀದಿಗೆ ಕೇಳುತ್ತೆ. ಮೊಬೈಲಿನ ಪುಟ್ಟ ಮೈಕು ಅದನ್ನ ತಡ್ಕೊಳ್ಳದೆ ಕೊರ್ ಕೊರ್ ಅಂತಿತ್ತು. ಆಮೇಲೆ ರೈಲ್ವೆ ಹಳಿ ಕಡೆ ಇರೋ ಹೊಂಗೆ ಮರದ ಕೆಳಗೆ ಹೋಗಿ, ಮೊಬೈಲನ್ನ ಹನ್ನೆರಡು ಅಡಿ ದೂರದಲ್ಲಿ ಕಲ್ಲಿನ ಮೇಲೆ ನಿಲ್ಲಿಸಿ ಹಿಡಿದ್ರು. ಎಷ್ಟು ಚೆನ್ನಾಗಿ ಬಂತು ಅಂತೀರಾ! ಒಂದು ಸಲ ಮೋಹನ ರಾಗ ನುಡಿಸ್ತಾ ಇದ್ದಾಗ ಮಕಳಿದುರ್ಗದ ಕಡೆಯಿಂದ ಗೂಡ್ಸ್ ಗಾಡಿ ಬಂದುಬಿಡ್ತು. ಅಣ್ಣ ನಾದಸ್ವರ ಇಳಿಸದೆ ಕಣ್ಣು ಮುಚ್ಚಿ ನಿಂತ್ರು, ಡಬ್ಬಿಗಳೆಲ್ಲ ದಾಟಿದ ಮೇಲೆ ಬಿಟ್ಟ ಸ್ವರದಿಂದಲೇ ಮತ್ತೆ ಎತ್ತಿಕೊಂಡ್ರು. ಹುಡುಗ ಆ ಜಾಗ ಕತ್ತರಿಸಲಿಲ್ಲ. ಜನ ಹೆಚ್ಚು ನೋಡಿರೋದು ಅದನ್ನೇ.

ತಮಟೆಯದೂ ಹಾಗೇ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತಲ್ಲ, ತಮಟೆಗೆ ಪದ್ಮಶ್ರೀ! ಅವತ್ತು ನಾನು ಮನೆಯವರಿಗೆಲ್ಲ ಸಿಹಿ ಹಂಚಿದ್ದೆ. ಚಿಕ್ಕಂದಿನಲ್ಲಿ ತಮಟೆಯವರ ಬೆನ್ನ ಹಿಂದೆ ನಿಂತು ಕುಣಿದ ಸದ್ದಿಗೆ ದಿಲ್ಲಿಯಲ್ಲಿ ಮರ್ಯಾದೆ ಸಿಕ್ಕಿತು ಅಂದ್ರೆ ಕಣ್ಣು ತುಂಬಿ ಬರಲ್ವಾ? ಚರ್ಮದ ತಮಟೆಯನ್ನ ಬಾರಿಸೋ ಮುಂಚೆ ಕಾಯಿಸೋದು ನೋಡಿದ್ದೀರಾ? ಒಣಹುಲ್ಲೋ ತೆಂಗಿನ ಗರಿಯೋ ಹಾಕಿ ಸಣ್ಣ ಬೆಂಕಿ ಮಾಡಿ, ಸುತ್ತ ಕುಕ್ಕರಗಾಲಲ್ಲಿ ಕೂತು, ಚರ್ಮದ ಮುಖವನ್ನ ಬೆಂಕಿ ಕಡೆ ಹಿಡಿದು ತಿರುಗಿಸ್ತಾ, ಆಗಾಗ ಬೆರಳಲ್ಲಿ ತಟ್ಟಿ ಕಿವಿ ಕೊಡ್ತಾರೆ. ಮೊದಲು ಡಬ್ ಅನ್ನುತ್ತೆ, ಕಾದ ಹಾಗೆಲ್ಲ ಟಣ್ ಅನ್ನೋಕೆ ಶುರು. ಈಗ ಫೈಬರ್ ತಮಟೆ ಬಂದು ಕಾಯಿಸೋ ಕೆಲಸ ಇಲ್ಲ, ಮಳೇಲೂ ಬಾರಿಸಬಹುದು. ಆದ್ರೆ ಆ ಕಾಯಿಸೋದನ್ನೇ ಐದು ನಿಮಿಷ ಹಿಡಿದು ಹಾಕಿ ನೋಡಿ, ಪಟ್ಟಣದ ಮಕ್ಕಳು ಕಣ್ಣು ಮಿಟುಕಿಸದೆ ನೋಡ್ತಾರೆ. ಆ ತಂಡವನ್ನ ಕಾಲೇಜಿನವರು ಕರೆಸಿಕೊಳ್ತಾರೆ. ಕಲಿಸೋ ಶಿಬಿರಕ್ಕೆ ಮೆರವಣಿಗೆಗಿಂತ ಮರ್ಯಾದೆ ಜಾಸ್ತಿ, ಕೂಲಿಯೂ ಜಾಸ್ತಿ ಕೇಳಬಹುದು.

ವಿಡಿಯೋದಿಂದ ವೇದಿಕೆಗೆ ಬಂದೋರು ಇಲ್ವಾ? ಹಾವೇರಿ ಕಡೆಯ ಕುರಿಗಾಹಿ ಹನುಮಂತನನ್ನೇ ನೋಡಿ. ಕುರಿ ಕಾಯ್ತಾ ಹಾಡಿದ್ದು ಮೊಬೈಲಲ್ಲಿ ಹರಿದಾಡಿ, ಸರಿಗಮಪ ವೇದಿಕೆ ಹತ್ತಿ, 2025ರ ಜನವರಿಯಲ್ಲಿ ಬಿಗ್ ಬಾಸ್ ಕೂಡ ಗೆದ್ದ. ಬೆಳಗಾವಿ ಕಡೆಯ ಮಾಳು ನಿಪನಾಳನ 'ನಾ ಡ್ರೈವರ' ಹಾಡಂತೂ ನಮ್ಮ ತೊಂಡೇಬಾವಿಯ ಆಟೋಗಳಲ್ಲೂ ಮೊಳಗಿತು. ಉತ್ತರ ಕರ್ನಾಟಕದ ಹುಡುಗರು ಒಂದು ವಿಷಯದಲ್ಲಿ ನಮಗಿಂತ ಜಾಣರು. ಅವರು ಹಾಡನ್ನ ತಾವೇ ಕಟ್ಟಿ, ತಾವೇ ಹಾಡಿ, ತಮ್ಮ ಚಾನೆಲ್ಲಿಗೇ ಹಾಕ್ತಾರೆ. ನಮ್ಮ ಕಡೆಯೋರು ಸಿನಿಮಾ ಹಾಡು ಊದಿ ಹಾಕ್ತಾರೆ. ಅಲ್ಲೇ ಇರೋದು ಪೆಟ್ಟು.

ಹೇಗೆ ಅಂತ ಕೇಳಿ. ಮದುವೆ ಮೆರವಣಿಗೆಯಲ್ಲಿ, ಛತ್ರದಲ್ಲಿ ಸಿನಿಮಾ ಹಾಡು ನುಡಿಸೋಕೆ ಯಾರ ಅಪ್ಪಣೆಯೂ ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೇ ಮದುವೆಗೆ, ಧಾರ್ಮಿಕ ಕಾರ್ಯಕ್ಕೆ ವಿನಾಯಿತಿ ಇದೆ. 2023ರಲ್ಲಿ ಕೇಂದ್ರ ಸರ್ಕಾರ ಅದನ್ನೇ ಮತ್ತೊಮ್ಮೆ ಬಿಡಿಸಿ ಹೇಳ್ತು. ಆದ್ರೆ ಅದನ್ನೇ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಿದ್ರೆ ವಿನಾಯಿತಿ ಬೆನ್ನಿಗೆ ಬರಲ್ಲ. ಅಲ್ಲಿರೋ ಯಂತ್ರ ರಾಗ ಗುರುತು ಹಿಡಿದು, ಈ ಹಾಡು ಇಂಥಾ ಆಡಿಯೋ ಕಂಪನಿಯದು ಅಂತ ಹೇಳಿ ಜಾಹೀರಾತಿನ ದುಡ್ಡನ್ನ ಅವರ ಕಡೆ ತಿರುಗಿಸುತ್ತೆ. ಅಣ್ಣ ಬೆವರು ಸುರಿಸಿ ಊದಿದ್ದು, ಹಣ ಇನ್ಯಾರಿಗೋ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋ ಹಾಗೆ. ಹಳೇ ಕೀರ್ತನೆ, ಸೋಬಾನೆ, ತತ್ವಪದ, ನಾಡಿನ ಆಸ್ತಿಯಾದ ರಾಗಗಳು, ಇವನ್ನ ತಾವೇ ಹೊಸದಾಗಿ ನುಡಿಸಿದ್ರೆ ಆ ರೆಕಾರ್ಡಿಂಗು ಪೂರ್ತಿ ನಮ್ಮದೇ. ಯಾರಾದ್ರೂ ತಪ್ಪಾಗಿ ತಮ್ಮದು ಅಂದ್ರೂ ತಕರಾರು ಹಾಕಬಹುದು, ಅವರು 30 ದಿನದೊಳಗೆ ಉತ್ತರ ಕೊಡಬೇಕು. ಹುಡುಗ ಒಂದು ಸಲ ಹಾಗೆ ಮಾಡಿ ಗೆದ್ದ. ಗೆದ್ದ ದಿನ ನಮ್ಮನೆಗೂ ಒಂದು ಬಟ್ಟಲು ಪಾಯಸ ಬಂತು.

ಕೈವಾರದ ತಾತಯ್ಯನವರ ಪದಗಳನ್ನೇ ನೋಡಿ. ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣರು ತೆಲುಗಲ್ಲೂ ಹಾಡಿದ್ದಾರೆ, ಕನ್ನಡದಲ್ಲೂ ಹಾಡಿದ್ದಾರೆ. ಗುರುಪೂರ್ಣಿಮೆಗೆ ಅಲ್ಲಿ ಸಂಗೀತೋತ್ಸವ, ಎಲ್ಲೆಲ್ಲಿಂದಲೋ ಬಂದು ಹಾಡ್ತಾರೆ. ನಾನು ಒಂದು ವರ್ಷ ಹೋಗಿದ್ದೆ, ಅದರ ರುಚಿ ಹೇಳೋಕೆ ಕೂತ್ರೆ ಸಂಜೆ ಆಗುತ್ತೆ, ಬಿಡಿ. ಹೇಳಬೇಕು ಅಂದ್ಕೊಂಡಿದ್ದು ಏನು ಅಂದ್ರೆ, ನಮ್ಮ ಗಡಿ ಸೀಮೆಯವರಿಗೆ ಎರಡು ಭಾಷೆ ಬರುತ್ತೆ. ಇಲ್ಲಿಂದ ಗೌರಿಬಿದನೂರು, ವಿದುರಾಶ್ವತ್ಥ ದಾಟಿದ್ರೆ ಹಿಂದೂಪುರ. ಅಲ್ಲಿಯ ಮದುವೆಗಳಿಗೂ ನಮ್ಮ ವಾಲಗದವರು ಹೋಗ್ತಾರೆ. ಹಾಗಿದ್ಮೇಲೆ ವಿಡಿಯೋದ ತಲೆಬರಹ ಕನ್ನಡ ಅಕ್ಷರದಲ್ಲೂ ತೆಲುಗು ಅಕ್ಷರದಲ್ಲೂ ಇದ್ರೆ ಹುಡುಕೋರಿಗೆ ಎರಡೂ ಕಡೆಯಿಂದ ಸಿಗುತ್ತೆ. ಬೆಂಗಳೂರಿನ ದೊಡ್ಡ ತಂಡಕ್ಕೆ ಇಲ್ಲದ ಅನುಕೂಲ ನಮಗಿದೆ, ಅಲ್ವಾ?

ಇನ್ನೊಂದು ನನಗೆ ಹೊಳೆದಿದ್ದು. ನನ್ನ ತಂಗಿ ಮಗಳು ಅಮೆರಿಕದಲ್ಲಿ ಹೊಸ ಮನೆಗೆ ಹೋದ್ಲು. ಗೃಹಪ್ರವೇಶಕ್ಕೆ ಪುರೋಹಿತರು ಸಿಕ್ಕಿದ್ರು, ವಾಲಗದವರು ಎಲ್ಲಿಂದ ಬರಬೇಕು? ಯೂಟ್ಯೂಬಲ್ಲಿ ಮಂಗಳವಾದ್ಯ ಅಂತ ಹುಡುಕಿ ಟಿವಿಯಲ್ಲಿ ಹಾಕಿದ್ಲು. ಹಾಲು ಉಕ್ಕೋ ಹೊತ್ತಿಗೆ ಸರಿಯಾಗಿ ನಡುವೆ ಸೋಪಿನ ಜಾಹೀರಾತು ಬಂತಂತೆ! ನಾನು ಅಣ್ಣನಿಗೆ ಹೇಳಿದೆ, ನೀವೇ ಯಾಕೆ ಒಂದು ಗೃಹಪ್ರವೇಶದ ಕಟ್ಟು, ಒಂದು ಧಾರೆಯ ಕಟ್ಟು ಅಂತ ಮಾಡಬಾರದು? ನಾಂದಿಗೆ ಇದು, ಹಸೆಗೆ ಕರೆಯೋವಾಗ ಇದು, ಮಾಂಗಲ್ಯಧಾರಣೆಗೆ ಗಟ್ಟಿಮೇಳ ಬೇರೆ ತುಂಡು, ಬೇಕಾದಾಗ ಒತ್ತೋ ಹಾಗೆ. ಕೇಳಿದವರಿಗೆ ವಧೂವರರ ಹೆಸರು ಹೇಳಿ ನುಡಿಸಿ ಕಳಿಸಿದ್ರೆ ಅದಕ್ಕೊಂದು ಬೆಲೆ. ಯೂಟ್ಯೂಬಿಗೆ ಹಾಕಿದ್ರೂ ಅಮೆರಿಕದಲ್ಲಿ ಕೂತು ನೋಡೋರ ಜಾಹೀರಾತಿಗೆ ಇಲ್ಲಿಗಿಂತ ಬೆಲೆ ಹೆಚ್ಚು. ಆ ಭಾಗದ ಹಣಕ್ಕೆ ಅಮೆರಿಕದ ತೆರಿಗೆ ಹಿಡೀತಾರೆ, ಅರ್ಜಿ ತುಂಬಿಕೊಟ್ರೆ ನೂರಕ್ಕೆ 15ಕ್ಕೆ ನಿಲ್ಲುತ್ತೆ, ತುಂಬದಿದ್ರೆ ಜಾಸ್ತಿ. ಹುಡುಗ ಮೂರು ಸಂಜೆ ಕೂತು ತುಂಬಿದ.

ಆಷಾಢದಲ್ಲಿ ಇವರ ಮನೆಯ ನಾದಸ್ವರ ಗೋಡೆಗೆ ತಗುಲಿ ಹಾಕಿರುತ್ತೆ, ಧನುರ್ಮಾಸದಲ್ಲೂ ಅಷ್ಟೇ. ಮುಹೂರ್ತದ ದಿನ ಮೂರು ಕಡೆ ಕರೆ, ಇಲ್ಲದಿದ್ರೆ ಒಂದೂ ಇಲ್ಲ. ರಸಮಂಜರಿಯವರಿಗೆ ಗಣೇಶನ ಹಬ್ಬ ಮತ್ತು ನವೆಂಬರ್ ತಿಂಗಳು ಸುಗ್ಗಿ. ನಮ್ಮಲ್ಲಿ ರಾಜ್ಯೋತ್ಸವ ಒಂದು ದಿನದ್ದಲ್ಲ, ತಿಂಗಳಿಡೀ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಮದುವೆ ಸುಗ್ಗಿಯೇ ಹೋದಾಗ ಈ ಮನೆಯ ಒಲೆ ಹೇಗೆ ಉರೀತು ಅಂತ ಬೇಲಿಯ ಈಚೆಯಿಂದ ನೋಡಿದವಳು ನಾನು. ಮರುವರ್ಷ ಸರ್ಕಾರ ಕಲಾವಿದರಿಗೆ ತಲಾ 3,000 ರೂಪಾಯಿ ಕೊಡ್ತು. ಒಂದು ತಿಂಗಳ ಅಕ್ಕಿ ಬೇಳೆಗೆ ಆಯ್ತು. ಆ ಖಾಲಿ ದಿನಗಳಲ್ಲೇ ಹುಡುಗ ಮೊಬೈಲ್ ಎತ್ತಿಕೊಂಡು ಅಪ್ಪನ ಮುಂದೆ ಕೂತು ಹಿಡಿಯೋದು ಕಲಿತದ್ದು. ಈಗಲೂ ಆಷಾಢ ಬಂದ್ರೆ ರೆಕಾರ್ಡಿಂಗ್ ಎಲ್ಲ ಮುಗಿಸ್ತಾನೆ, ಶ್ರಾವಣದಲ್ಲಿ ಒಂದೊಂದೇ ಬಿಡ್ತಾನೆ. ಒಳ್ಳೇ ಕ್ರಮ.

2021ರಲ್ಲಿ ಒಂದು ವಿಡಿಯೋ ಓಡಾಡ್ತಲ್ಲ, ನೆನಪಿದೆಯಾ? ಅಲಂಕಾರ ಮಾಡಿದ ಕೋಲೆ ಬಸವನ ಹಣೆ ಮೇಲೆ ಕ್ಯೂಆರ್ ಕೋಡ್! ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೇ ಅದನ್ನ ಹಂಚಿಕೊಂಡಿದ್ರು. ಅದನ್ನ ನೋಡಿದ ನಮ್ಮ ಡೋಲಿನ ತಮ್ಮನೂ ಡೋಲಿನ ಪಕ್ಕಕ್ಕೆ ಒಂದು ಕೋಡ್ ಅಂಟಿಸಿದ. ಮೊದಮೊದಲು ಅಣ್ಣನಿಗೆ ಇಷ್ಟವಾಗಲಿಲ್ಲ, ದೇವರ ಮುಂದೆ ನುಡಿಸೋ ವಾದ್ಯ ಅಂತ. ಆದ್ರೆ ಈಗ ಮದುವೆ ಮನೇಲಿ ಯಾರ ಜೇಬಲ್ಲೂ ಹತ್ತಿಪ್ಪತ್ತರ ನೋಟೇ ಇರಲ್ಲ. ಮೆಚ್ಚಿ ಕೊಡೋ ಮನಸ್ಸಿದ್ದೋರೂ ಜೇಬು ಮುಟ್ಟಿ ಸುಮ್ಮನಾಗ್ತಾರೆ. ಕೋಡ್ ಬಂದ ಮೇಲೆ ಆ ಕೈಗಳು ಮತ್ತೆ ತೆರೆದುಕೊಂಡಿವೆ. ಈಗ ಅಣ್ಣನೇ ಅದನ್ನ ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್ ಹಾಕಿಸಿದ್ದಾರೆ.

ಒಂದು ವಿಷಯ ಮಾತ್ರ ನನಗೆ ಇವತ್ತಿಗೂ ನುಂಗೋಕಾಗ್ತಿಲ್ಲ. ಒಂದು ಮದುವೇಲಿ ವಿಡಿಯೋ ತೆಗೆಯೋಕೆ ಬಂದಿದ್ದ ಯಾರೋ ಅಣ್ಣನ ಗಟ್ಟಿಮೇಳವನ್ನ ಹಿಡಿದು ತಮ್ಮ ಚಾನೆಲ್ಲಿಗೆ ಹಾಕ್ಕೊಂಡ್ರು. ಲಕ್ಷಗಟ್ಟಲೆ ಜನ ನೋಡಿದ್ರು. ಕೆಳಗೆ ಕ್ಯಾಮರಾ ಯಾರದು ಅಂತಿದೆ, ಛತ್ರ ಯಾವುದು ಅಂತಿದೆ, ಹೂವಿನ ಅಲಂಕಾರ ಯಾರದು ಅಂತಲೂ ಇದೆ. ಊದಿದವರ ಹೆಸರು ಇಲ್ಲ. ಕೇಳಿದ್ರೆ, ನಿಮಗೇ ಪ್ರಚಾರ ಅಲ್ವಾ ಅಂದ್ರಂತೆ. ಹೆಸರೇ ಹಾಕದ ಪ್ರಚಾರ ಎಂಥದ್ದು? ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಲಾವಿದರಿಗೆ ಅವರದೇ ಆದ ಹಕ್ಕಿದೆ. ವೇದಿಕೆಯಲ್ಲಿ ಹಾಡಿದ್ದನ್ನ, ನುಡಿಸಿದ್ದನ್ನ ಅವರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿ ದುಡ್ಡು ಮಾಡ್ಕೊಳ್ಳೋ ಹಾಗಿಲ್ಲ, ಆ ಹಕ್ಕು 50 ವರ್ಷ ಉಳಿಯುತ್ತೆ. 2012ರ ತಿದ್ದುಪಡಿಯಲ್ಲಿ ರಾಯಧನದ ಮಾತೂ ಸೇರ್ತು. ಹಾಡುಗಾರರದೇ ಒಂದು ಹಕ್ಕಿನ ಸಂಘ 2013ರಲ್ಲಿ ಶುರುವಾಯ್ತು. ಹಾಡು ಬರೆಯೋರು, ಸ್ವರ ಹಾಕೋರಿಗೆ 1969ರಿಂದಲೇ ಐಪಿಆರ್‌ಎಸ್ ಅನ್ನೋ ಸಂಘ ಇದೆ. ನಮ್ಮ ಕಡೆ ಪದ ಕಟ್ಟಿ ಹಾಡೋರಲ್ಲಿ ಎಷ್ಟು ಜನ ಅದಕ್ಕೆ ಹೆಸರು ಕೊಟ್ಟಿದ್ದಾರೆ? ಕೊಡಬೇಕು.

ದರದ ಮಾತು ಎತ್ತಿದ್ರೆ ನಮ್ಮ ಅಣ್ಣನಿಗೆ ಈಗಲೂ ಸಂಕೋಚ. ಹಿಂದೆ ಮದುವೆ ಮನೆಯವರು ಬಂದು ವೀಳ್ಯ ಕೊಟ್ಟು, ಎಲೆ ಅಡಿಕೆ ಮೇಲೆ ಒಂದು ರೂಪಾಯಿ ಇಟ್ಟು ಹೋದ್ರೆ ಮುಗೀತು, ಮಾತು ಕೊಟ್ಟ ಹಾಗೆ. ಅದೇ ದಿನಕ್ಕೆ ಇನ್ನೊಬ್ಬರು ಹೆಚ್ಚು ಕೊಡ್ತೀನಿ ಅಂದ್ರೂ ಅಣ್ಣ ಹೋಗಲ್ಲ. ಆದ್ರೆ ಆ ಕಡೆಯವರು? ಮದುವೆಯ ಹಿಂದಿನ ವಾರ ಫೋನ್ ಮಾಡಿ, ಡಿಜೆ ಹೇಳಿಬಿಟ್ಟಿದ್ದೀವಿ, ವಾಲಗ ಬೇಡ ಅಂದ್ಬಿಡ್ತಾರೆ. ಅದಕ್ಕೇ ಈಗ ಮಗ ಒಂದು ಕ್ರಮ ಮಾಡಿದ್ದಾನೆ: ವೀಳ್ಯದ ಜೊತೆ ಅರ್ಧ ಮುಂಗಡ, ಎಷ್ಟು ಜನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಆರತಕ್ಷತೆಗೂ ಇರಬೇಕಾ, ಗಾಡಿ ಯಾರದು, ಊಟ ಯಾವಾಗ, ಎಲ್ಲ ವಾಟ್ಸ್ಯಾಪಲ್ಲಿ ಬರೆದು ಕಳಿಸ್ತಾನೆ. ವಿಡಿಯೋ ತೆಗೆದ್ರೆ ಹೆಸರು ಹಾಕಬೇಕು ಅನ್ನೋದೂ ಅದರಲ್ಲೇ. ಜಾನಪದ, ಶಾಸ್ತ್ರೀಯ ಕಲಾವಿದರ ಕಾರ್ಯಕ್ರಮಕ್ಕೆ ಒಂದೂವರೆ ಲಕ್ಷದವರೆಗೂ ಜಿಎಸ್‌ಟಿ ಇಲ್ಲ. ತೆರಿಗೆ ಸೇರುತ್ತೆ ಅಂತ ಯಾರಾದ್ರೂ ದರ ಮುರಿಯೋಕೆ ಬಂದ್ರೆ ಅದನ್ನೂ ಹೇಳ್ತಾನೆ. ಮೊದಲ ಸಲ ಹಾಗೆ ಕಳಿಸಿದಾಗ ಅಣ್ಣ, 'ಜನ ಏನಂದ್ಕೊಂಡಾರು' ಅಂತ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲವಂತೆ. ಜನ ಏನೂ ಅಂದ್ಕೊಳ್ಳಲಿಲ್ಲ. ಸರಿ ಅಂತ ಮುಂಗಡ ಕಳಿಸಿದ್ರು.

ಇಷ್ಟು ಹೊತ್ತು ಮಾತಾಡ್ತಾ ಹೂ ಬಿಡಿಸೋದೇ ಮರೆತೆ ನೋಡಿ. ಬರೋ ಮಾಘದಲ್ಲೋ ವೈಶಾಖದಲ್ಲೋ ನಿಮ್ಮ ಮನೇಲೂ ಮದುವೆ ಇರುತ್ತಲ್ಲ. ವಾಲಗದವರನ್ನ ಕರೆಸಿ. ದರ ಮೊದಲೇ ಮಾತಾಡಿ, ಮುಂಗಡ ಕೊಡಿ. ಧಾರೆ ಮುಗಿದ ಮೇಲೆ ಅವರನ್ನ ಕೊನೇ ಪಂಕ್ತಿಗೆ ಕಾಯಿಸಬೇಡಿ, ದೂರದಿಂದ ಬಂದಿರ್ತಾರೆ. ವಿಡಿಯೋ ಹಾಕಿದ್ರೆ ನುಡಿಸಿದವರ ಹೆಸರು, ಊರು ಬರೀರಿ. ಬಾಕಿ ದುಡ್ಡನ್ನ ನಾಳೆ ಅನ್ನದೆ ಅವತ್ತೇ ಅವರ ಕೈಗೆ ಕೊಟ್ಟು ಕಳಿಸಿ.